ಇದು ಸ್ಪಷ್ಟವೋ, ಅದು ಸ್ಪಷ್ಟವೋ

ಕನ್ನಡಕದಂಗಡಿಯ ಯಜಮಾನರಿಗೆ ಅನುಮಾನ ಹುಟ್ಟುಗುಣ. ಕಣ್ಣಿನ ಪರೀಕ್ಷೆಗೆ ಕೂತ ಗಿರಾಕಿಯನ್ನೂ ಅವರು ನಂಬುತ್ತಿರಲಿಲ್ಲ. "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಕೇಳುತ್ತ, ನಡುವೆ ಒಮ್ಮೆ ಹಾಕಿದ್ದ ಗಾಜನ್ನೇ ತೆಗೆದು ಮತ್ತೆ ಹಾಕುತ್ತಿದ್ದರು. "ಈಗ ವಾಸಿ" ಎಂದವನು ಅವರ ಲೆಕ್ಕದಲ್ಲಿ ಸುಳ್ಳ. "ಎರಡೂ ಒಂದೇ ಥರ ಕಾಣ್ತಿದೆ" ಎಂದವನಿಗೆ ಮಾತ್ರ ಮರ್ಯಾದೆ.

ಅಂಗಡಿಯ ಹಳೆಯ ಕಂಪ್ಯೂಟರು ಕೈಕೊಟ್ಟಿತು. ಹೊಸದಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಿಸುವುದು? ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು ಹೆಂಡತಿಯ ತಮ್ಮ.

"ಭಾವ, ದುಡ್ಡು ಕೊಟ್ಟು ತಗೊಳ್ಳೋದೂ ಇದೆ, ಬಿಟ್ಟಿ ಸಿಗೋದೂ ಇದೆ. ನಿಮ್ಮ ಕೆಲಸಕ್ಕೆ ಬಿಟ್ಟೀದೇ ಸಾಕು," ಎಂದ.

ಯಜಮಾನರ ಕಿವಿ ನೆಟ್ಟಗಾಯಿತು. ಮಾರುವವನೇ ಕೊಳ್ಳಬೇಡ ಎಂದರೆ ಒಳಗೇನೋ ಮಸಲತ್ತಿದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನ ಬೇರೆ. ಇವರು ಪುಕ್ಕಟೆ ಎಂದರೆ ಜೇಬು ಮುಟ್ಟಿ ನೋಡಿಕೊಳ್ಳುವ ಜಾತಿ.

"ಎರಡನ್ನೂ ತಂದಿಡು. ಒಂದು ವಾರ ಪರೀಕ್ಷೆ ಮಾಡ್ತೀನಿ. ನಾನು ಯಾರ ಪಕ್ಷಾನೂ ಅಲ್ಲ."

ಅವನು ಒಂದೇ ಬಗೆಯ ಎರಡು ಕಂಪ್ಯೂಟರು ತಂದಿಟ್ಟ. ಒಂದರ ಮೇಲೆ 'ಬಿಟ್ಟಿ', ಇನ್ನೊಂದರ ಮೇಲೆ 'ಖರೀದಿ' ಎಂಬ ಚೀಟಿ. ಒಂದರ ಪರದೆ ಹಸಿರು, ಇನ್ನೊಂದರದು ನೀಲಿ. ಬಿಲ್ಲು, ಗಿರಾಕಿಗಳ ಕಣ್ಣಿನ ನಂಬರು, ಫ್ರೇಮುಗಳ ದಾಸ್ತಾನು, ಎಲ್ಲವನ್ನೂ ಯಜಮಾನರು ಎರಡರಲ್ಲೂ ಮಾಡಿ ನೋಡಿದರು. ನೋಡಿದ್ದಾದರೂ ಏನು! ಬಿಟ್ಟಿಯದು ನಿಧಾನ. ಬಿಟ್ಟಿಯದರಲ್ಲಿ ಅಕ್ಷರ ಮಸುಕು. ಖರೀದಿಯದರಲ್ಲಿ ಕೆಲಸವೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ವಾರ ಮುಗಿದು ಭಾವಮೈದುನ ಬಾಗಿಲಲ್ಲಿ ಕಾಣುತ್ತಲೇ ಗುಡುಗಿದರು.

"ಆ ಹಾಳು ಮಾಲನ್ನ ನನ್ನ ತಲೆಗೆ ಕಟ್ಟೋಕೆ ಯಾರ ಹತ್ರ ಎಷ್ಟು ತಿಂದಿದ್ದೀಯೋ? ಸ್ವಂತ ಭಾವಂಗೇ ಟೋಪಿ ಹಾಕ್ತೀಯಾ? ಇನ್ಮೇಲೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ!"

ಅವನ ಮುಖ ಬಿಳಿಚಿಕೊಂಡಿತು. ಬಂದ ಕಾಲಲ್ಲೇ ಬೀದಿಗಿಳಿದ.

ಬಿಲ್ಲು ಬರೆಯುತ್ತಿದ್ದ ಹೆಂಡತಿ ಎದ್ದು ಬಂದು ಎರಡೂ ಚೀಟಿಗಳನ್ನು ಕಿತ್ತಳು.

"ರೀ, ಎರಡರಲ್ಲೂ ಇರೋದು ಒಂದೇ, ಆ ಬಿಟ್ಟೀದೇ. ಪರದೆ ಬಣ್ಣ ಮಾತ್ರ ಬೇರೆ. ಹಾಗೆ ಹಾಕು ಅಂತ ಹೇಳಿದ್ದು ನಾನು. ಅವನು ಬೇಡ ಅಕ್ಕ, ಭಾವ ನೊಂದ್ಕೋತಾರೆ ಅಂತಿದ್ದ."

"ನನಗೇ ಪರೀಕ್ಷೆ ಇಟ್ಟೆಯಾ?"

"ಅದೇ ಗಾಜು ಎರಡು ಸಲ ಹಾಕೋದನ್ನ ನಿಮ್ಮಿಂದ್ಲೇ ಕಲ್ತಿದ್ದು. ನಾಳೆ ಎರಡನ್ನೂ ನಿಜವಾಗ್ಲೂ ಹಾಕಿಸ್ತೀನಿ, ಚೀಟಿ ಇಲ್ಲದೆ. ನೋಡೋದು ನಾನು."

ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಊರಿಗೆಲ್ಲ ಹೇಳುತ್ತಿದ್ದ ಮನುಷ್ಯ! ಬಾಗಿಲಿಗೆ ಓಡಿದರು.

"ಒಳಗೆ ಬಾರೋ!"

ಬೀದಿಯಲ್ಲೇ ನಿಂತು ಅವನು ಹೇಳಿದ, "ಮೆಟ್ಟಿಲು ಹತ್ತಬೇಡ ಅಂದ್ರಲ್ಲ, ಭಾವ." ಅವನು ನಗುತ್ತಿರಲಿಲ್ಲ.

ಎಂಥ ದೊಡ್ಡ ಗಿರಾಕಿ ಬಂದರೂ ಇಳಿಯದಿದ್ದ ಯಜಮಾನರು ಮೆಟ್ಟಿಲಿಳಿದು ಬೀದಿಗೆ ಬಂದರು.