ಫೆನ್ನೆಯ ಎಡಗಣ್ಣು

ಲುಬ್ಬರ್ಟ್ ರೊಟ್ಟಿ ಕೊಯ್ಯುವುದನ್ನು ಒಮ್ಮೆ ಕಂಡವರು ಮರೆಯುವಂತಿರಲಿಲ್ಲ. ಚೂರಿ ಹಿಡಿದ ಕೈ ಸ್ಥಿರವಾಗಿರುತ್ತಿತ್ತು; ತಿರುಗುತ್ತಿದ್ದುದು ರೊಟ್ಟಿ. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ತಾಮ್ರದ ತಗಡನ್ನಿಟ್ಟು, ಬಲಗೈಯ ಉಳಿಯನ್ನು ಅಲುಗಿಸದೆ, ಎಡಗೈಯಿಂದ ತಗಡನ್ನೇ ಉಳಿಯ ಮೊನೆಗೆ ಒಡ್ಡುತ್ತ ದೇವಮಾತೆಯ ಉಡುಗೆಯ ನೆರಿಗೆಗಳನ್ನು ಕೊರೆದು ಕೊರೆದು, ಆ ಅಭ್ಯಾಸ ಅವನ ಊಟಕ್ಕೂ ನಡಿಗೆಗೂ ಇಳಿದುಬಿಟ್ಟಿತ್ತು. ಬೀದಿಯ ತಿರುವಿನಲ್ಲೂ ಲುಬ್ಬರ್ಟ್ ತಿರುಗುವವನಲ್ಲ, ಡೆವೆಂಟರ್ ಪಟ್ಟಣವೇ ಅವನಿಗಾಗಿ ತಿರುಗಿಕೊಳ್ಳಬೇಕು ಎಂದು ನಾವು ನಗುತ್ತಿದ್ದೆವು. ಕಾಗದಕ್ಕೆ ಚಿತ್ರ ಒತ್ತುವ ಮುನ್ನ ತಗಡಿನ ಮಸಿ ಒರೆಸಿ ಒರೆಸಿ ಅವನ ಅಂಗೈ ಹಬ್ಬದ ದಿನವೂ ಕಪ್ಪು. ಚರ್ಚಿನಲ್ಲಿ ಅವನು ಕೈಜೋಡಿಸಿದರೆ ಪಕ್ಕದವರು ತಮ್ಮ ಮೇಲಂಗಿಯನ್ನು ಒಳಕ್ಕೆಳೆದುಕೊಳ್ಳುತ್ತಿದ್ದರು.

ಹಟವೂ ಅಂಥದ್ದೇ. ಒಂದು ತಪ್ಪು ಗೆರೆ ಕಂಡರೆ ಅದನ್ನು ಹೆರೆದು, ತಗಡಿನ ಬೆನ್ನಿಗೆ ಸುತ್ತಿಗೆಯಿಂದ ತಟ್ಟಿ ಸಮಮಾಡಿ, ಮತ್ತೆ ಕೊರೆಯುವವರೆಗೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನ ಹೆಂಡತಿ ಫೆನ್ನೆಗೆ ಬಾಲ್ಯದ ಜ್ವರವೊಂದರಿಂದ ಎಡಗಣ್ಣಿನ ರೆಪ್ಪೆ ತುಸು ಜೋತುಬಿದ್ದಿತ್ತು. ಆ ಚಳಿಗಾಲ ಎದೆಬೇನೆಯಿಂದ ಹಾಸಿಗೆ ಹಿಡಿದವಳು ಏಳುವ ಭರವಸೆ ಯಾರಿಗೂ ಇರಲಿಲ್ಲ. ಸನ್ಯಾಸಿನಿ ಸೋದರಿಯರ ಮಠಕ್ಕೆ ಫೆಬ್ರವರಿಯ ಮೇಣದಬತ್ತಿ ಹಬ್ಬದೊಳಗೆ ಮಾತೆ ಮರಿಯಳ ಚಿತ್ರ ಮುಟ್ಟಿಸಬೇಕಿತ್ತು. ಲುಬ್ಬರ್ಟ್ ಹಾಸಿಗೆಯ ಪಕ್ಕದಲ್ಲೇ ದಿಂಬು ಹಾಕಿಕೊಂಡು ಕುಳಿತ. ಕೈತಪ್ಪಿ ಹೋಗುವ ಮುನ್ನ ಉಳಿಸಿಕೊಳ್ಳಬೇಕೆಂಬ ಸಂಕಟದಲ್ಲಿ ಮರಿಯಳಿಗೆ ಫೆನ್ನೆಯ ಮುಖವನ್ನೇ ಕೊಟ್ಟ.

ಕೊರೆದದ್ದು ಕಾಗದದಲ್ಲಿ ಎಡಬಲ ಅದಲುಬದಲಾಗಿ ಮೂಡುತ್ತದೆಂಬುದು ಈ ಕಸುಬಿನ ಮೊದಲ ಪಾಠ. ಮರಿಯಳ ಮಡಿಲಲ್ಲಿ ಹರಸುವ ಶಿಶುವಿನ ಬಲಗೈಯನ್ನು ಅವನು ನೆನಪಿಟ್ಟು ತಿರುಗಿಸಿಯೇ ಕೊರೆದಿದ್ದ. ಹೆಂಡತಿಯ ಮುಖಕ್ಕೆ ಬಂದಾಗ ಪಾಠ ಮರೆತು, ಕಂಡದ್ದನ್ನು ಕಂಡಂತೆಯೇ ಕೊರೆದ. ಒದ್ದೆ ಕಾಗದವನ್ನು ತಗಡಿನಿಂದ ಸುಲಿದೆತ್ತಿದರೆ, ಜೋತ ರೆಪ್ಪೆ ಬಲಗಣ್ಣಿಗೆ ಹೋಗಿತ್ತು.

"ಇದು ನೀನಲ್ಲ ಕಣೇ," ಎಂದು ಹೆರೆಯುವ ಚೂರಿಯನ್ನು ಕೈಗೆತ್ತಿಕೊಂಡ. "ಹೆರೆದು ಸರಿಮಾಡ್ತೀನಿ."

ಹೆರೆದ ಜಾಗದಲ್ಲಿ ಅದೇ ಮುಖ ಮತ್ತೆ ಕೂಡಿಬರುವುದು ದುರ್ಲಭವೆಂದು ಅವನೂ ಬಲ್ಲ. ಅಷ್ಟು ದಿನ ಫೆನ್ನೆ ಇರಬೇಕಲ್ಲ.

ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ರೀ, ಅದನ್ನ ಕೆಳಗಿಡಿ. ದಿನಾ ಬೆಳಿಗ್ಗೆ ಬೋಗುಣಿ ನೀರಲ್ಲಿ ನಾನು ನೋಡೋ ಮುಖ ಇದೇ ಅಲ್ವಾ? ನೀವು ನೋಡೋ ಫೆನ್ನೆನ ನಾನು ಯಾವತ್ತು ಕಂಡಿದೀನಿ? ನಂಗೆ ಗೊತ್ತಿರೋಳು ಇವಳೇ."

"ತಪ್ಪಾಗಿದೆ ಕಣೇ."

"ಆಗ್ಲಿ ಬಿಡಿ. ಎಲ್ಲಾನೂ ತಿರುಗಿಸ್ತೀರಲ್ಲ, ಒಂದ್ಸಲ ನೀವೇ ತಿರುಗಿ."

ಅವನು ಚೂರಿ ಕೆಳಗಿಟ್ಟ. ಎದ್ದು ಹಾಸಿಗೆಯನ್ನು ಸುತ್ತಿಬಂದು, ಅವಳ ಕೆನ್ನೆಗೆ ಕೆನ್ನೆ ತಾಗಿಸಿ, ಅವಳು ನೋಡುತ್ತಿದ್ದ ಕಡೆಯಿಂದ ಚಿತ್ರವನ್ನು ನೋಡಿದ. ಬಹಳ ಹೊತ್ತು ನೋಡಿದ.

ಈಸ್ಟರ್ ಬರುವ ಮೊದಲೇ ಫೆನ್ನೆ ಹೋದಳು. ಸೋದರಿಯರು ಆ ಚಿತ್ರವನ್ನು ತಮ್ಮ ಪ್ರಾರ್ಥನೆಯ ಪುಸ್ತಕಗಳಲ್ಲಿ ಅಂಟಿಸಿಕೊಂಡಿದ್ದಾರೆ. ಲುಬ್ಬರ್ಟ್ ತಪ್ಪು ಕಂಡೂ ತಿದ್ದದೆ ಬಿಟ್ಟ ತಗಡು ಅದೊಂದೇ.

ತಗಡು ಕೊರೆಯುವವರ ಕುಲವೇ ಹೀಗೆ. ಇನ್ನೊಬ್ಬರ ಕೈಯಲ್ಲಿ ನೇರವಾಗಿ ಮೂಡಲೆಂದು ತಮ್ಮ ಕಣ್ಣೆದುರು ಎಲ್ಲವನ್ನೂ ಉಲ್ಟಾ ಕೊರೆಯುತ್ತ ಆಯುಷ್ಯ ಕಳೆಯುತ್ತಾರೆ. ಎದುರಿಗಿರುವುದು ತೀರ ಪ್ರೀತಿಯ ಮುಖವಾದಾಗ ಕಸುಬು ಮರೆತು ನೇರವಾಗಿ ಕೊರೆದುಬಿಡುತ್ತಾರೆ. ಅವರ ನೂರು ನಿರ್ದೋಷ ಚಿತ್ರಗಳು ನಮಗೆ ದೇವರನ್ನು ತೋರಿಸುತ್ತವೆ. ಅವರನ್ನು ತೋರಿಸುವುದು ಆ ಒಂದು ತಪ್ಪು.