ಗೀರು ಬರೆಸಿದ ಪಿಕಪ್

ತೀರಿಹೋದ ಮಾವನವರ ಹಳೇ ಪಿಕಪ್ ಗಾಡಿಯನ್ನು ಮೊದಲಿನಂತೆ ಮಾಡುತ್ತೇನೆಂದು ನಮ್ಮವರು ಹೊರಟಾಗ ಅದು ಮನೆಯ ಹಿಂದಿನ ಶೆಡ್ಡಿನಲ್ಲಿತ್ತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮನೆಯೊಳಗೆ ಬಂತು. ಗೇರ್‌ಬಾಕ್ಸ್ ಊಟದ ಮೇಜಿನ ಕೆಳಗೆ ಸೇರಿತು, ಬಾಗಿಲುಗಳು ನಮ್ಮ ಮಂಚದ ಹಿಂದೆ. ನೆಂಟರು ಬಂದರೆ ಡ್ರೈವರ್ ಸೀಟಿನಲ್ಲಿ ಕೂರಿಸುತ್ತಿದ್ದೆವು. ಒಂದು ಸಂಜೆ ನಾನು ಕೆಲಸದಿಂದ ಬರುವಾಗ ವಾಷಿಂಗ್ ಮಷೀನು ಕಲ್ಲು ಅಗಿಯುವ ಸದ್ದು ಮಾಡುತ್ತಿತ್ತು. ಒಳಗೆ ನನ್ನ ದಿಂಬಿನ ಕವರು, ಅದರೊಳಗೆ ನಟ್ಟುಬೋಲ್ಟು.

"ಬಿಸಿನೀರಿಗೆ ಹಾಕಿದೀನಿ ಕಣೇ, ಗ್ರೀಸ್ ಬಿಡ್ಲಿ ಅಂತ."

"ನನ್ನ ಬಟ್ಟೆಗೆ ಯಾವತ್ತಾದ್ರೂ ಬಿಸಿನೀರು ಹಾಕಿದೀರಾ?"

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದು ಮಗಳ ಮುಖ ನೋಡಿ. ಅವಳು ಮರಗೆಲಸದವಳು. ಬೆಂಚು, ಕಪಾಟು ಚೆನ್ನಾಗಿ ಮಾಡುತ್ತಾಳೆ, ಸಾಗಿಸಲು ಗಾಡಿಯಿಲ್ಲ; ಅದಕ್ಕೇ ದೊಡ್ಡ ಆರ್ಡರುಗಳೆಲ್ಲ ಕೈತಪ್ಪುತ್ತಿದ್ದವು. "ರೆಡಿ ಆದ್ಮೇಲೆ ಗಾಡಿ ನಿಂದೇ" ಎಂದು ಅವಳಪ್ಪ ಮಾತು ಕೊಟ್ಟಿದ್ದರು.

ಗಾಡಿ ರೆಡಿಯಾಯಿತು. ಮಾವನವರು ಅದರಲ್ಲಿ ಕಲ್ಲು, ಸಿಮೆಂಟು, ಗ್ಯಾಸ್ ಸಿಲಿಂಡರು ಹೊತ್ತು ಸಂಸಾರ ಸಾಕಿದ್ದರು. ಹಿಂಬದಿಯ ಹಲಗೆಗಳ ತುಂಬ ಆ ದುಡಿಮೆಯ ಗೀರುಗಳಿದ್ದವು. ನಮ್ಮವರು ಅಷ್ಟಕ್ಕೂ ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಕನ್ನಡಿ ಹಾಗೆ ವಾರ್ನಿಶ್ ಬಳಿದಿದ್ದರು. ಅತ್ತೆ ಬಗ್ಗಿ ನೋಡಿದರು.

"ನನ್ನ ಮುಖ ಕಾಣ್ಸತ್ತಪ್ಪಾ. ನಿಮ್ಮಪ್ಪನೇ ಕಾಣ್ಸಲ್ಲ."

ಅದೇ ಹೊತ್ತಿಗೆ ಮಗಳಿಗೆ ಒಂದು ವಾಚನಾಲಯದಿಂದ ಬೆಂಚುಗಳ ಆರ್ಡರು ಬಂತು. ಸೋಮವಾರ ಮಧ್ಯಾಹ್ನ ಉದ್ಘಾಟನೆ; ಅಷ್ಟರೊಳಗೆ ಬೆಂಚು ಬರದಿದ್ದರೆ ಪ್ಲಾಸ್ಟಿಕ್ ಕುರ್ಚಿ ತರಿಸುತ್ತೇವೆಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು.

"ಅಪ್ಪಾ, ಬೆಂಚು ಹಾಕ್ಕೊಂಡು ಹೋಗ್ಲಾ?"

"ಗೀರು ಬೀಳತ್ತೆ ಪುಟ್ಟಾ. ಪ್ರದರ್ಶನ ಒಂದು ಮುಗೀಲಿ."

ಪ್ರದರ್ಶನ ಹಳೇ ವಾಹನಗಳ ಸಂಘದ್ದು. ಗಾಡಿಯನ್ನು ಸೇರಿಸಿಕೊಳ್ಳಬಹುದೇ ಎಂದು ನೋಡಲು ಅಧ್ಯಕ್ಷರೇ ಬಿಳಿ ಕೈಗವಸು ಹಾಕಿಕೊಂಡು ಬಂದರು. ಸುತ್ತು ಹಾಕಿದರು, ನಿಟ್ಟುಸಿರು ಬಿಟ್ಟರು.

"ಎಲ್ಲಾ ಚೆನ್ನಾಗಿದೆ. ಅದೇ ತೊಂದ್ರೆ. ದುಡಿದ ಗುರುತೇ ಇಲ್ವಲ್ಲ ಸ್ವಾಮೀ. ಈಗೆಲ್ಲಾ ತುಕ್ಕು, ಗೀರು ಇರೋ ಗಾಡಿಗೇ ಮರ್ಯಾದೆ."

ನಮ್ಮವರ ಮುಖ ಗಾಳಿ ಹೋದ ಟಯರಾಯಿತು. ಮರುದಿನವೇ ಅಂಗಡಿ ಬೋರ್ಡು ಬರೆಯುವ ಪೇಂಟರನ್ನು ಕರೆತಂದರು. ಆತ ಹಲಗೆಯ ಮೇಲೆ ಬೋರಲು ಮಲಗಿ, ಸಣ್ಣ ಕುಂಚದಿಂದ ಗೀರು ಬರೆದ. ಮಡ್‌ಗಾರ್ಡಿಗೆ ತುಕ್ಕು ಬರೆದ. ಅತ್ತೆ ಕುರ್ಚಿ ಹಾಕಿಸಿಕೊಂಡು ಮೇಸ್ತ್ರಿಯಾದರು.

"ಅಲ್ಲಲ್ಲಪ್ಪಾ, ಸಿಲಿಂಡರ್ ಇಡ್ತಿದ್ದದ್ದು ಈ ಮೂಲೇಲಿ. ಇನ್ನೂ ಸ್ವಲ್ಪ ಎಳಿ."

ಮಗಳಿಗೆ ಜೀವ ಬಂತು. "ಹೇಗೂ ಗೀರು ಆಯ್ತಲ್ಲಪ್ಪಾ, ಇನ್ನು ಬೆಂಚು ಹಾಕಬಹುದಲ್ಲಾ?"

"ಈಗ್ಲಂತೂ ಆಗಲ್ಲ. ಗೀರಿನ ಮೇಲೆ ಗೀರು ಬಿದ್ರೆ ಬರೆಸಿದ್ದೆಲ್ಲಾ ಹಾಳಾಗಲ್ವಾ?"

ಅವಳು ಸೋಮವಾರಕ್ಕೆ ಬಾಡಿಗೆ ಗಾಡಿ ಗೊತ್ತು ಮಾಡಿ, ಭಾನುವಾರವೇ ಬೆಂಚುಗಳನ್ನು ಹಿತ್ತಲಿನಿಂದ ಹೊತ್ತು ತಂದು ನಮ್ಮ ಗೇಟಿನ ಬಳಿ ಜೋಡಿಸಿಟ್ಟಳು. ಸೋಮವಾರ ಬೆಳಿಗ್ಗೆ ಬಾಡಿಗೆಯವನ ಫೋನು ಬಂತು: ಆಕ್ಸಲ್ ಮುರಿದಿದೆ, ಇವತ್ತು ಆಗುವುದಿಲ್ಲ. ಮಗಳು ಫೋನು ಹಿಡಿದು ಬೆಂಚಿನ ಮೇಲೆ ಕೂತುಬಿಟ್ಟಳು.

ನಾನು ಡ್ಯೂಟಿಗೆ ಹೊರಟು ನಿಂತಿದ್ದವಳು ಚೀಲ ಕೆಳಗಿಟ್ಟೆ. ಗಾಡಿಗೆ ಹೊದಿಸಿದ್ದ ರಗ್ಗನ್ನು ಎಳೆದೆ. ನಮ್ಮ ಮನೆಯ ಒಳ್ಳೆಯ ರಗ್ಗು ಅದೊಂದೇ.

"ಏನೇ ಮಾಡ್ತಿದೀಯಾ?" ನಮ್ಮವರು ಹಲ್ಲುಜ್ಜುತ್ತಲೇ ಓಡಿಬಂದರು.

"ಲೋಡ್ ಹಾಕ್ತಿದೀನಿ ರೀ. ಆ ಕಡೆ ಹಿಡೀರಿ."

"ಪೇಂಟು..."

"ನಿನ್ನ ಮಗಳು ಕಣೋ ಅದು," ಎಂಬ ದನಿ ಗಾಡಿಯೊಳಗಿನಿಂದ ಬಂತು. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿದ್ದರು. "ನೀನು ಓಡಿಸ್ತೀಯೋ, ಇವಳು ಓಡಿಸ್ಬೇಕೋ?"

ನನ್ನ ಕಾಲು ತಮ್ಮ ಕ್ಲಚ್ಚಿನ ಮೇಲೆ ಬೀಳುವುದನ್ನು ನಮ್ಮವರು ತಡೆದುಕೊಳ್ಳಲಾರರು. ಬಾಯಿ ಮುಕ್ಕಳಿಸಿ ಬಂದು ಬೆಂಚಿಗೆ ಕೈಹಾಕಿದರು. ಬೆಂಚುಗಳಿಗೆ ಕಬ್ಬಿಣದ ಕಾಲು. ಒಂದೊಂದು ಕಿರ್ ಎಂದಾಗಲೂ ನಮ್ಮವರು ಹಲ್ಲು ಕೀಳಿಸಿಕೊಳ್ಳುವವರಂತೆ ಕಣ್ಣು ಮುಚ್ಚಿದರು.

ಉದ್ಘಾಟನೆಗೆ ಮೊದಲೇ ಬೆಂಚು ಮುಟ್ಟಿತು. ಅಲ್ಲಿನವರು ಕೂತು ನೋಡಿ, ಪುಸ್ತಕದ ಕಪಾಟುಗಳನ್ನೂ ಮಗಳಿಗೇ ಒಪ್ಪಿಸಿದರು.

ಮನೆಗೆ ಬಂದದ್ದೇ ತಡ, ನಮ್ಮವರು ಟಾರ್ಚು ಹಿಡಿದು ಹಿಂದಕ್ಕೆ ಹತ್ತಿ ಮಂಡಿಯೂರಿದರು. ಮಗಳು ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಪೇಂಟರು ಬರೆದದ್ದರ ಮೇಲೆಯೇ ಮೂಲೆಯಿಂದ ಉದ್ದಕ್ಕೆ ಒಂದು ಗೀರು ಬಿದ್ದಿತ್ತು. ವಾರ್ನಿಶ್ ಹರಿದು ಒಳಗಿನ ಮರ ಬೆಳ್ಳಗೆ ಕಾಣುತ್ತಿತ್ತು. ಅವರು ಪೇಂಟಿನ ಗೀರಿನ ಮೇಲೆ ಉಗುರು ಆಡಿಸಿದರು, ಜಾರಿತು. ಹೊಸದರ ಮೇಲೆ ಆಡಿಸಿದರು, ಸಿಕ್ಕಿಕೊಂಡಿತು. ಮತ್ತೊಮ್ಮೆ ಆಡಿಸಿದರು.

"ಅಮ್ಮಾ, ಸಿಲಿಂಡರ್ ಮೂಲೆ ಇದೇ ತಾನೇ?"

"ಅದೇ. ಹೀಗೇ ಇತ್ತು."

ಅವರು ಟಾರ್ಚು ಆರಿಸಿ, ಮಗಳ ಕಡೆ ತಿರುಗಿದರು.

"ಕಪಾಟು ಒಯ್ಯುವಾಗ ಎಡಗಡೆಗೆ ಹಾಕು ಪುಟ್ಟಾ. ಆ ಕಡೆ ಒಂದು ಗೀರೂ ಸರಿಯಾಗಿ ಬಿದ್ದಿಲ್ಲ."