ಕೂಗುವ ಕಾರು, ಬರಬೇಕಾದ ಮಗು

ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ಜನ ನೆಮ್ಮದಿಯಾಗಿ ಮಲಗುತ್ತಿದ್ದ ಒಂದು ಕಾಲವಿತ್ತಂತೆ. ರಾತ್ರಿ ಹೊತ್ತು ಕೂಗಿ ಕರೆದು ಜೀವ ಒಯ್ಯುವ ಕೂಗುಮಾರಿ ಬೀದಿಗೆ ಬರುವಳು, ಬರೆದದ್ದನ್ನು ಓದುವಳು, ನಾಳೆ ಬಂದರಾಯಿತೆಂದು ಹಿಂದಿರುಗುವಳು. ಮರುದಿನವೂ ಅದೇ ಅಕ್ಷರ, ಅದೇ ನಾಳೆ. ಹೀಗೆ ಅಲೆದು ಅಲೆದು ಕಾಲು ಸೋತ ಕೂಗುಮಾರಿ, ಯಾರೂ ಏನೂ ಬರೆಯದೆ ಬಿಟ್ಟ ಜಾಗವೊಂದನ್ನು ಹುಡುಕುತ್ತಾ ಭದ್ರಾವತಿಯ ಹಳೇನಗರಕ್ಕೆ ಬಂದು, ಮುರಳಿಯ ಬಿಳಿ ಕಾರಿನ ಬಾನೆಟ್ಟಿನೊಳಗೆ ಸೇರಿಕೊಂಡಳು.

ಇದು ಮುರಳಿಯನ್ನು ಸಾಕಿ ಬೆಳೆಸಿದ ಅಜ್ಜಿ ಹೂವಮ್ಮನ ಕತೆ. ಕತೆ ಸುಳ್ಳಿರಬಹುದು, ಕೂಗು ಮಾತ್ರ ನಿಜ. ಮುರಳಿ ಬೆಳಿಗ್ಗೆ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿಗೆ ಹೊರಡಲೆಂದು ಕೀಲಿ ತಿರುವಿದನೋ ಇಲ್ಲವೋ, ಒದ್ದೆ ಬಳಪವನ್ನು ಸ್ಲೇಟಿನ ಮೇಲೆ ಎಳೆದ ಹಾಗೆ ಕೀಂಯ್ ಎಂದು ಶುರುವಾಗುತ್ತಿತ್ತು. ಬೀದಿಯ ನಾಯಿಗಳು ತಲೆಯೆತ್ತಿ ಅದಕ್ಕೆ ಉತ್ತರ ಕೊಡುತ್ತಿದ್ದವು. ಎದುರುಮನೆಯವರು ಅದನ್ನು ಕೇಳಿಯೇ ಮಕ್ಕಳನ್ನು ಸ್ಕೂಲಿಗೆ ಎಬ್ಬಿಸುತ್ತಿದ್ದರು.

ಇದೆಲ್ಲ ಹೇಗೋ ನಡೆದುಹೋಗುತ್ತಿತ್ತು, ನಾಮಕರಣದ ದಿನ ಹಾಗಾಗದೆ ಇದ್ದಿದ್ದರೆ. ಹೆಂಡತಿ ಶೀಲಾ ಬಾಣಂತನಕ್ಕೆ ಶಿವಮೊಗ್ಗದ ವಿನೋಬನಗರದಲ್ಲಿ ತವರುಮನೆಯಲ್ಲಿದ್ದಳು. ಮಗಳನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಮುರಳಿಯ ಕಾರು ಬೀದಿ ತಿರುವಿನಲ್ಲಿ ಕಿರುಚಿತು. ಮಗು ಬೆಚ್ಚಿಬಿದ್ದು ಅಳತೊಡಗಿತು. ಸೋಬಾನೆ ಹಾಡುತ್ತಿದ್ದವರು ಹಾಡು ಮರೆತರು. ಅತ್ತೆ ಶೇಷಮ್ಮ ಎಲ್ಲರೆದುರು ಹೇಳಿಯೇಬಿಟ್ಟರು: "ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಈ ಕಾರಿನ ಬಾಯಿ ಮುಚ್ಚೋ ತನಕ ನನ್ನ ಮೊಮ್ಮಗಳು ಇದರೊಳಗೆ ಕೂರಲ್ಲ."

ಬಾಡಿಗೆ ಕಾರು ತರಬಹುದಿತ್ತು. ಆದರೆ ನೆಂಟರೆಲ್ಲ ನಗುತ್ತಿದ್ದಾಗ ಮುರಳಿಯ ಬಾಯಿ ಸುಮ್ಮನಿರಬೇಕಲ್ಲ! ಇದೇ ಕಾರಲ್ಲಿ, ಒಂದು ಸಣ್ಣ ಸದ್ದೂ ಇಲ್ಲದ ಹಾಗೆ ಮಗಳನ್ನು ಮನೆಗೆ ಕರ್ಕೊಂಡು ಹೋಗ್ತೀನಿ ಎಂದು ಮಾತು ಕೊಟ್ಟುಬಿಟ್ಟ.

ಮಾತು ಕೊಡುವುದು ಸುಲಭ. ಬಾಣಂತಿಯನ್ನು ಬೆಸ ತಿಂಗಳಲ್ಲೇ ಕಳಿಸಬೇಕೆಂಬುದು ಶೇಷಮ್ಮನ ಮನೆಯ ಶಾಸ್ತ್ರ. ಮೂರನೇ ತಿಂಗಳು ಮಗುವಿನ ಶೀತದಲ್ಲೇ ಕಳೆಯಿತು. ಐದನೆಯದೂ ಮುಗಿಯುತ್ತಾ ಬಂದಿತ್ತು. ಒಳ್ಳೆಯ ದಿನವೆಂದು ಉಳಿದದ್ದು ಬರುವ ಗುರುವಾರ ಮಾತ್ರ. ಶುಕ್ರವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವ ಹಾಗಿಲ್ಲ, ಶನಿವಾರಕ್ಕೆ ಆರನೇ ತಿಂಗಳು ಹತ್ತುತ್ತದೆ. ಗುರುವಾರ ತಪ್ಪಿದರೆ ಮತ್ತೊಂದು ತಿಂಗಳು ಕಾಯಬೇಕು. ಅಷ್ಟರಲ್ಲೇ ಮಗು ಅವನನ್ನು ಭಾನುವಾರದ ನೆಂಟನ ಹಾಗೆ ನೋಡತೊಡಗಿತ್ತು. ಕೈ ಚಾಚಿದರೆ ಒಂದು ಗಳಿಗೆ ಯೋಚಿಸಿ, ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಿತ್ತು.

"ರೀ, ನಿಮ್ಮ ಮಗಳು ಈಗ ಮಗುಚಿಕೊಳ್ತಾಳೆ," ಎಂದಳು ಶೀಲಾ ಫೋನಿನಲ್ಲಿ. "ನೀವು ಹೀಗೇ ತಡ ಮಾಡಿದ್ರೆ ಅವಳೇ ಬಸ್ ಹತ್ತಿ ಬರ್ತಾಳೆ ನೋಡಿ."

ನಕ್ಕಳು ನಿಜ, ನಗುವಿನ ಕೊನೆಯಲ್ಲಿ ಸಣ್ಣದೊಂದು ನಿಟ್ಟುಸಿರೂ ಇತ್ತು. ಮುರಳಿಗೆ ಅದೇ ಕಿವಿಯಲ್ಲಿ ಉಳಿಯಿತು.

ನ್ಯೂಟೌನಿನಲ್ಲಿ ಗ್ಯಾರೇಜಿಟ್ಟಿದ್ದ ನಿರಂಜನ ಅವನ ಜೊತೆ ಓದಿದವನು. ಕೂಗುಮಾರಿಗೆ ಜನ ಬಾಗಿಲ ಮೇಲೆ ಬರೆದಿಡುತ್ತಿದ್ದ ಮಾತು ಇವನ ಬಾಯಲ್ಲೇ ಇತ್ತು. ಯಾರು ಬಂದರೂ ನಾಳೆ ಬಾ ಎನ್ನುತ್ತಿದ್ದ. ಮಗುವಿನ ವಿಷಯ ಕೇಳಿ ಮಾತ್ರ ಅವತ್ತೇ ಬಾನೆಟ್ ಎತ್ತಿದ. ಇಂಜಿನ್ನಿನ ಪಕ್ಕದಲ್ಲಿ ಕಪ್ಪು ರಬ್ಬರಿನ ಬೆಲ್ಟೊಂದು ಗಾಲಿಗಳಂಥ ನಾಲ್ಕಾರು ಪುಲ್ಲಿಗಳನ್ನು ಬಳಸಿಕೊಂಡು ಓಡುತ್ತದೆ. ಡೈನಮೋ, ಎಸಿ ಎಲ್ಲವೂ ತಿರುಗುವುದು ಅದರಿಂದಲೇ. ಬೆಲ್ಟು ಹಳೆಯದಾಗಿ ಬಿರುಕು ಬಿಟ್ಟಿದೆ, ಕೂಗದೆ ಇನ್ನೇನು ಎಂದು ನಿರಂಜನ ಹೊಸದು ಹಾಕಿದ. ಎರಡು ದಿನ ಕಳೆಯುವುದರೊಳಗೆ ಹೊಸದು ಹಳೆಯದಕ್ಕಿಂತ ಜೋರಾಗಿ ಕಿರುಚಿತು.

ಆಮೇಲೆ ಅವನು ನೀರಿನ ಪರೀಕ್ಷೆ ಮಾಡಿದ. ಓಡುತ್ತಿರುವ ಬೆಲ್ಟಿನ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದಾಗ ಸದ್ದು ಹೆಚ್ಚಾದರೆ ಬೆಲ್ಟು ಸಡಿಲವಾಗಿ ಜಾರುತ್ತಿದೆ ಎಂದು ಲೆಕ್ಕ. ಅಡಗಿ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದು. ಈ ಕಾರು ಎರಡಕ್ಕೂ ಸಿಕ್ಕಲಿಲ್ಲ. ಒಮ್ಮೆ ಹೆಚ್ಚಾಯಿತು, ಒಮ್ಮೆ ಅಡಗಿತು, ಒಮ್ಮೆ ಒಳಗೆಲ್ಲೋ ಗರ್ ಎಂದು ಗೊಣಗಿತು. ನಿರಂಜನ ಬೆಲ್ಟನ್ನು ಬಿಗಿ ಮಾಡಿ ನೋಡಿದ, ಸಡಿಲ ಮಾಡಿ ನೋಡಿದ, ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡ.

"ಮಾರಾಯ, ನಿನ್ನ ಅತ್ತೆ ಏನಾದ್ರೂ ಮಾಟ ಮಾಡ್ಸಿದಾರಾ ಕೇಳು."

ಮುರಳಿಗೆ ನಗು ಬರಲಿಲ್ಲ. ಬೆಲ್ಟಿನ ಮೇಲೆ ಬೆರಳಾಡಿಸಿದ. ಅಂಟಂಟು. ಇಂಜಿನ್ ಆಯಿಲ್ ಸೋರಿರಬೇಕು ಎಂದ ನಿರಂಜನ. ಮುರಳಿ ಬೆರಳನ್ನು ಮೂಗಿನ ಹತ್ತಿರ ತಂದು ನೋಡಿದ, ಇಂಜಿನ್ ಆಯಿಲ್ಲಿನ ವಾಸನೆಯಲ್ಲ. ಎಲ್ಲೋ ಗೊತ್ತಿದ್ದ ವಾಸನೆ, ಚಿಕ್ಕಂದಿನ ಶನಿವಾರಗಳ ವಾಸನೆ. ಹೆಸರು ಮಾತ್ರ ಥಟ್ಟನೆ ನೆನಪಾಗಲಿಲ್ಲ.

ಮರುದಿನ ಬುಧವಾರ. ಮುರಳಿ ದಿನವೂ ಬೆಳಿಗ್ಗೆ ಬಾನೆಟ್ ಎತ್ತಿ, ರೇಡಿಯೇಟರಿನ ನೀರು ನೋಡಿ, ಹಾಗೇ ಬಿಟ್ಟು ಸ್ನಾನಕ್ಕೆ ಹೋಗುವವನು. ಅವತ್ತು ಟವೆಲ್ ಮರೆತು ವಾಪಸು ಬಂದ. ಅಂಗಳದಲ್ಲಿ ಅಜ್ಜಿ ಕಾರಿನೊಳಗೆ ಅರ್ಧ ಬಗ್ಗಿದ್ದಳು. ಎಡಗೈಯಲ್ಲಿ ಹರಳೆಣ್ಣೆಯ ಬಟ್ಟಲು, ಬಲಗೈಯಲ್ಲಿ ಕೋಳಿಪುಕ್ಕ. ಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ, ಬೆಲ್ಟಿನ ಮೇಲೆ ಮಗುವಿನ ನೆತ್ತಿ ಸವರುವಷ್ಟು ಮೆಲ್ಲಗೆ ಸವರುತ್ತಾ, ಅದರ ಹತ್ತಿರ ಮಾತಾಡುತ್ತಿದ್ದಳು.

"ಕೂಗಬೇಡ್ವೇ ನಮ್ಮಮ್ಮ. ನಾಳೆ ಕೂಸು ಬರ್ತದೆ. ಒಂದಿನ ಸುಮ್ನಿರು."

ಮುರಳಿ ಬಾಗಿಲಲ್ಲೇ ನಿಂತ. ಸಿಟ್ಟು ಬರಬೇಕಿತ್ತು, ಹೊಸ ಬೆಲ್ಟು ಹಾಳಾಗಿತ್ತು. ಆದರೆ ಬರಲಿಲ್ಲ. ಹತ್ತಿರ ಹೋಗಿ ಬಟ್ಟಲು ಇಸಿದುಕೊಂಡು, ಎಷ್ಟು ದಿನದಿಂದ ಅಜ್ಜಿ ಇದು ಎಂದು ಕೇಳಿದ. ನಾಮಕರಣದಿಂದ ಬಂದ ಮಾರನೇ ದಿನದಿಂದ ಎಂದಳು ಹೂವಮ್ಮ, ಒಳ್ಳೆಯ ಕೆಲಸ ಮಾಡಿದವಳ ಹೆಮ್ಮೆಯಲ್ಲಿ. ತೊಟ್ಟಿಲ ಸರಪಳಿಗೆ ಹಚ್ಚಿದಳಂತೆ, ಸುಮ್ಮನಾಯಿತಂತೆ. ಬಾಗಿಲ ತಿರುಗಣಿಗೆ ಹಚ್ಚಿದಳಂತೆ, ಅದೂ ಸುಮ್ಮನಾಯಿತಂತೆ. ಇದೂ ಹಚ್ಚಿದ ಕೂಡಲೇ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ನೀನು ಬೀದಿ ದಾಟಿದ ಮೇಲೆ ಮತ್ತೆ ಶುರು ಮಾಡುತ್ತದೆ, ಹಟಮಾರಿ ಎಂದಳು.

"ಅಜ್ಜಿ, ಇದು ಜಾರಬಾರದು. ಗಟ್ಟಿಯಾಗಿ ಹಿಡ್ಕೊಂಡೇ ಓಡ್ಬೇಕು. ಜಾರಿದ್ರೆ ಕೂಗುತ್ತೆ," ಎಂದು ಮುರಳಿ ಬೆಲ್ಟನ್ನೂ ಅದು ಬಳಸಿದ್ದ ಪುಲ್ಲಿಗಳನ್ನೂ ತೋರಿಸಿದ.

ಹೂವಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅವಳ ಮುಖ ಇಳಿಯಿತು.

"ಅಯ್ಯೋ ಮಗಾ, ಇದು ಬಾವಿ ಹಗ್ಗ ಅಲ್ವೇನೋ! ನಾನು ಹಗ್ಗಕ್ಕೆ ಎಣ್ಣೆ ಹಚ್ಚಿದ್ನಾ? ಎಣ್ಣೆ ಬೇಕಾಗಿರೋದು ರಾಟೆ ಅಚ್ಚಿಗೆ."

ಮುರಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಜ್ಜಿ ಎಣ್ಣೆ ಹಚ್ಚಲು ಶುರು ಮಾಡಿದ್ದು ನಾಮಕರಣದ ಮೇಲೆ. ಕಾರು ಕೂಗುತ್ತಿದ್ದದ್ದು ಅದಕ್ಕೂ ಮೊದಲಿನಿಂದ. ಅಂದರೆ ಕೂಗು ಒಂದಲ್ಲ, ಎರಡು. ಈಗಿನ ಜೋರು ಕಿರುಚಾಟ ಎಣ್ಣೆ ಕುಡಿದ ಬೆಲ್ಟಿನದು. ಮೊದಲಿನ ಕೀಂಯ್, ಒಳಗಿನ ಗರ್ ಎರಡೂ ಯಾವುದೋ ರಾಟೆಯ ಅಚ್ಚಿನವು. ಒಂದರ ಹಿಂದೆ ಒಂದು ಅಡಗಿಕೊಂಡು ನಿರಂಜನನನ್ನು ಆಟ ಆಡಿಸಿದ್ದವು.

ಸ್ನಾನ ಮರೆತು ಗ್ಯಾರೇಜಿಗೆ ಹೋದ. ಕೋಳಿಪುಕ್ಕದ ಕತೆ ಕೇಳಿ ನಿರಂಜನ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನಕ್ಕು ಮುಗಿದ ಮೇಲೆ, ಬೆಲ್ಟು ಬಿಚ್ಚಿ ಮೊದಲೇ ನೋಡಬೇಕಿತ್ತು ಎಂದು ತಲೆ ಕೆರೆದುಕೊಂಡ. ಬೆಲ್ಟು ತೆಗೆದು ಇಬ್ಬರೂ ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿದರು. ಡೈನಮೋದ್ದು ನುಣ್ಣಗೆ ತಿರುಗಿತು. ಎಸಿಯದೂ ಹಾಗೇ. ಬೆಲ್ಟನ್ನು ಬಿಗಿಯಾಗಿಡುವ ಪುಟ್ಟ ಪುಲ್ಲಿಗೆ ಬೆರಳು ತಾಗಿದಾಗ ಅದರೊಳಗೆ ಮರಳು ತುಂಬಿದಂತೆ ಗರಗರ ಎಂದಿತು. ಅಲ್ಲಾಡಿಸಿದರೆ ಲಟಕ್ಕೆಂದು ವಾಲಿತು. ಅಚ್ಚಿನ ಬೇರಿಂಗ್ ಹೋಗಿತ್ತು. ಅದಕ್ಕೆ ಎಣ್ಣೆ ಸಾಲದು, ಪುಲ್ಲಿಯನ್ನೇ ಬದಲಿಸಬೇಕು ಎಂದ ನಿರಂಜನ.

ಪುಲ್ಲಿ ಭದ್ರಾವತಿಯಲ್ಲಿ ಸಿಗಲಿಲ್ಲ. ನಿರಂಜನ ತನ್ನ ಬೈಕಿನಲ್ಲೇ ಶಿವಮೊಗ್ಗಕ್ಕೆ ಹೋಗಿ ತಂದ. ಅಷ್ಟರಲ್ಲಿ ಮುರಳಿ ಉಳಿದ ಪುಲ್ಲಿಗಳನ್ನು ಸೋಪಿನ ನೀರಲ್ಲಿ ತಿಕ್ಕಿ, ಪ್ರತಿ ಗೀರಿನೊಳಗಿನ ಜಿಡ್ಡನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ. ಸಂಜೆ ಹೊಸ ಪುಲ್ಲಿ, ಇನ್ನೊಂದು ಹೊಸ ಬೆಲ್ಟು ಹಾಕಿ ಕೀಲಿ ತಿರುವಿದಾಗ ಇಂಜಿನ್ನಿನ ಮೆಲ್ಲನೆಯ ಗುನುಗು ಬಿಟ್ಟು ಬೇರೇನೂ ಕೇಳಲಿಲ್ಲ. ಇಬ್ಬರೂ ಕಿವಿಗೊಟ್ಟು ಕಾದರು, ಏನೂ ಇಲ್ಲ.

ಗುರುವಾರ ವಿನೋಬನಗರದ ಮನೆಯ ಮುಂದೆ ಕಾರು ನಿಂತಾಗ ಒಳಗಿದ್ದವರಿಗೆ ಗೊತ್ತೇ ಆಗಲಿಲ್ಲ. ಮುರಳಿ ಹಾರ್ನ್ ಹಾಕಬೇಕಾಯಿತು. ಶೇಷಮ್ಮ ಹೊರಗೆ ಬಂದು ನೋಡಿ, ಯಾರ ಕಾರು ಇಸ್ಕೊಂಡು ಬಂದ್ರಿ ಎಂದು ಕೇಳಿದರು. ನಂಬರ್ ಪ್ಲೇಟ್ ನೋಡಿದ ಮೇಲೂ ಅವರಿಗೆ ಸಮಾಧಾನವಿಲ್ಲ. ಸ್ಟಾರ್ಟ್ ಮಾಡಿಸಿದರು, ಎಸಿ ಹಾಕಿಸಿದರು, ಸ್ಟೇರಿಂಗ್ ಪೂರ್ತಿ ತಿರುಗಿಸಲು ಹೇಳಿದರು. ಅಳಿಯ ಎಲ್ಲವನ್ನೂ ಮಾಡಿ ತೋರಿಸಿದ. ಕೊನೆಗೆ ಶೇಷಮ್ಮನೇ ಹಿಂದಿನ ಸೀಟಿಗೆ ಹೊದಿಕೆ ಹಾಸಿ, ಸೆರಗಿನಲ್ಲಿ ಮೂಗೊರೆಸಿಕೊಂಡು, "ಕೂಗೋದೇ ವಾಸಿಯಿತ್ತು. ಇನ್ನೊಂದು ತಿಂಗಳು ಇರ್ತಿದ್ರು," ಎಂದರು.

ಶೀಲಾ ಅಮ್ಮನ ಕೈ ಹಿಡಿದು ಒಮ್ಮೆ ಒತ್ತಿ ಕಾರು ಹತ್ತಿದಳು. ಊರು ದಾಟುವ ಮೊದಲೇ ಮಗು ನಿದ್ದೆ ಹೋಯಿತು. ಭದ್ರಾವತಿಯವರೆಗೆ ಗಂಡಹೆಂಡಿರು ಪಿಸುಮಾತಿನಲ್ಲೇ ಮಾತಾಡಿದರು.

ಮನೆ ಮುಂದೆ ಇಂಜಿನ್ ನಿಂತ ಕೂಡಲೇ ಮಗು ಎದ್ದು ಜೋರಾಗಿ ಅಳತೊಡಗಿತು. ಎದುರುಮನೆಯವರು ಹೊರಬಂದರು. ಹೂವಮ್ಮ ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಮುರಳಿ ಹಿಂದಿನ ಬಾಗಿಲು ತೆಗೆದು ಕೈ ಚಾಚಿದ. ಮಗು ಅಳುತ್ತಲೇ ಅವನನ್ನೊಮ್ಮೆ ನೋಡಿ, ಅವನ ಅಂಗಿಯ ಗುಂಡಿ ಹಿಡಿದುಕೊಂಡಿತು. ಅಜ್ಜಿ ಆರತಿ ಬೆಳಗಿ ದಾರಿ ಬಿಟ್ಟಳು. ಶೀಲಾ ಬಲಗಾಲಿಟ್ಟು ಒಳಗೆ ಬಂದಳು. ಅವಳ ಹಿಂದೆಯೇ ಮುರಳಿ, ಮಗಳನ್ನೆತ್ತಿಕೊಂಡು.